ಡಿ-ಟಿಕೆಟ್ ಹಿಡಿದು ಗಡಿ ದಾಟಬಹುದಾ? ಸಾಲ್ಜ್‌ಬರ್ಗ್, ಪ್ರಾಗ್, ಲಕ್ಸೆಂಬರ್ಗ್

ಮೈಸೂರು_ಮ್ಯೂನಿಕ್:
ಎಲ್ಲರಿಗೂ ನಮಸ್ಕಾರ. ಮೇ ಮೊದಲ ವಾರ ಅಪ್ಪ ಅಮ್ಮ ಬರುತ್ತಿದ್ದಾರೆ, ಜೂನ್ ಮಧ್ಯದವರೆಗೆ ಇರುತ್ತಾರೆ. ನನ್ನ ಹತ್ತಿರ ಡಾಯ್ಚ್‌ಲಾಂಡ್ ಟಿಕೆಟ್ (ಡಿ-ಟಿಕೆಟ್, ಜರ್ಮನಿಯ ಲೋಕಲ್ ರೈಲು, ಬಸ್ಸು, ಟ್ರಾಮ್‌ಗಳಿಗೆ ನಡೆಯುವ ತಿಂಗಳ ಪಾಸ್) ಇದೆ. ಅವರಿಗೂ ಒಂದೊಂದು ಮಾಡಿಸಿ ಶನಿವಾರ ಭಾನುವಾರ ಸುತ್ತಾಡಿಸೋಣ ಅಂತ ಯೋಚನೆ. ಅಮ್ಮನಿಗೆ ಸಾಲ್ಜ್‌ಬರ್ಗ್ ನೋಡಬೇಕು, ಅಪ್ಪನಿಗೆ ಪ್ರಾಗ್. ಲಕ್ಸೆಂಬರ್ಗ್‌ನಲ್ಲಿ ಚಿಕ್ಕಪ್ಪನ ಮಗ ಇದ್ದಾನೆ, ಅಲ್ಲಿಗೂ ಒಮ್ಮೆ ಹೋಗಿ ಬರಬೇಕು. ಆಫೀಸಿನಲ್ಲಿ ಒಬ್ಬರು "ಸಾಲ್ಜ್‌ಬರ್ಗ್‌ಗೆ ಡಿ-ಟಿಕೆಟ್ ನಡೆಯುತ್ತೆ" ಅಂದರು. ಇನ್ನೊಬ್ಬರು "ಜರ್ಮನಿ ಬಿಟ್ಟರೆ ಅದಕ್ಕೆ ಬೆಲೆಯೇ ಇಲ್ಲ" ಅಂದರು. ಯಾರ ಮಾತು ನಂಬಬೇಕು?

ರೈಲುಹುಚ್ಚ:
ಮೊದಲನೆಯವರ ಮಾತು ಪೂರ್ತಿ ಸರಿ, ಎರಡನೆಯವರದ್ದು ಮುಕ್ಕಾಲು ಸರಿ.

ದೇಶದ ಗಡಿ ಒಂದು ಕಡೆ ಇರುತ್ತದೆ, ಟಿಕೆಟ್ ದರದ ಗಡಿ ಇನ್ನೊಂದು ಕಡೆ ಇರುತ್ತದೆ. ಪಾಸ್‌ಗೆ ಲೆಕ್ಕಕ್ಕೆ ಬರುವುದು ಎರಡನೆಯದು. ಗಡಿಯಾಚೆಗಿನ ಕೆಲವು ಸ್ಟೇಷನ್‌ಗಳನ್ನು ಡಿ-ಟಿಕೆಟ್ ವ್ಯಾಪ್ತಿಗೆ ಸೇರಿಸಿಕೊಂಡಿದ್ದಾರೆ. ಸಾಲ್ಜ್‌ಬರ್ಗ್ ಮುಖ್ಯ ನಿಲ್ದಾಣ, ಕುಫ್‌ಸ್ಟೈನ್, ನೆದರ್ಲೆಂಡ್ಸಿನ ಫೆನ್ಲೋ ಇವೆಲ್ಲ ಅಂಥವು. ಬಾಸೆಲ್‌ನದ್ದು ಇನ್ನೂ ಮಜಾ. ಅಲ್ಲಿನ ಬಾಡಿಷರ್ ಬಾನ್‌ಹೋಫ್ ಇರುವುದು ಸ್ವಿಸ್ ನೆಲದಲ್ಲಿ, ನಡೆಸುವುದು ಜರ್ಮನ್ ರೈಲ್ವೆ. ಅಲ್ಲಿವರೆಗೆ ಡಿ-ಟಿಕೆಟ್ ಸಾಕು. ಅದೇ ಊರಿನ ದೊಡ್ಡ ಸ್ಟೇಷನ್ ಬಾಸೆಲ್ ಎಸ್‌ಬಿಬಿಗೆ ಹೋಗಬೇಕಾದರೆ ಬೇರೆ ಟಿಕೆಟ್. ಟ್ರಾಮ್ ಹಿಡಿದರೆ ಹತ್ತು ಹದಿನೈದು ನಿಮಿಷದ ದಾರಿ ಅಷ್ಟೇ.

ಎಲ್ಲ ಕಡೆ ಇಷ್ಟು ಧಾರಾಳ ಇಲ್ಲ. ಮ್ಯೂನಿಕ್‌ನಿಂದ ಗಾರ್ಮಿಶ್ ಮೇಲೆ ಇನ್ಸ್‌ಬ್ರುಕ್‌ಗೆ ಹೋಗುವ ಲೈನಿನಲ್ಲಿ ಮಿಟೆನ್‌ವಾಲ್ಡ್‌ಗೆ ನಿಮ್ಮ ಟಿಕೆಟ್ ಮುಗಿಯಿತು. ಗಾಡಿ ಮಾತ್ರ ಮುಂದೆ ಹೋಗುತ್ತಲೇ ಇರುತ್ತದೆ. ಕಿಟಕಿಯಾಚೆ ಬೆಟ್ಟ ನೋಡುತ್ತಾ ಕೂತವರಿಗೆ ಆಸ್ಟ್ರಿಯಾ ಬಂದಿದ್ದೇ ಗೊತ್ತಾಗಲ್ಲ. ನನ್ನ ಗೆಳೆಯ ಒಬ್ಬ ಹಾಗೇ ಕೂತಿದ್ದು ದಂಡ ಕಟ್ಟಿದ. ಸ್ಟ್ರಾಸ್‌ಬರ್ಗ್ ಕಡೆ ಹೋಗುವವರಿಗೆ ಕೇಲ್ ಕೊನೆ. ಅಲ್ಲಿಂದ ಟ್ರಾಮ್ ಇದೆ. 2017ರಿಂದ ಸ್ಟ್ರಾಸ್‌ಬರ್ಗ್‌ನ ಡಿ ಲೈನ್ ರೈನ್ ನದಿ ದಾಟಿ ಕೇಲ್‌ವರೆಗೆ ಬರುತ್ತಿದೆ. ಅದಕ್ಕೆ ಅವರದ್ದೇ ಟಿಕೆಟ್ ತೆಗೆದುಕೊಳ್ಳಬೇಕು.

ಎಲ್ಲಿವರೆಗೆ ಅನ್ನುವುದರಷ್ಟೇ ಮುಖ್ಯ ಯಾವ ಗಾಡಿ ಅನ್ನುವುದು. ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್‌ಗೆ ಬಿಆರ್‌ಬಿ ಕಂಪನಿಯ ಲೋಕಲ್ ಗಾಡಿ ಹತ್ತಿದರೆ ಏನೂ ಕೊಡಬೇಕಿಲ್ಲ. ಅದೇ ಊರಿಗೇ ಹೋಗುವ ದೂರದ ವೇಗದ ಗಾಡಿ, ಅಂದರೆ ರೈಲ್‌ಜೆಟ್ ಅಥವಾ ಯೂರೋಸಿಟಿ ಹತ್ತಿದರೆ ಪೂರ್ತಿ ಟಿಕೆಟ್ ಬೇಕು.

ಶಿವಮೊಗ್ಗ_ಪ್ಯಾಸೆಂಜರ್:
ನಮ್ಮ ಶಕ್ತಿ ಯೋಜನೆ ಇದ್ದ ಹಾಗೆ ಅಲ್ವಾ. ಸಾದಾ ಬಸ್ಸಿಗೆ ಫ್ರೀ, ರಾಜಹಂಸ ಐರಾವತ ಹತ್ತಿದರೆ ದುಡ್ಡು. ಅಮ್ಮನಿಗೆ ಹೀಗೆ ಹೇಳಿದರೆ ಒಂದೇ ನಿಮಿಷಕ್ಕೆ ಅರ್ಥ ಆಗುತ್ತೆ 😀

ಮೈಸೂರು_ಮ್ಯೂನಿಕ್:
ಹ್ಹಹ್ಹ, ಹೇಳ್ತೀನಿ. ರೈಲುಹುಚ್ಚ ಅವರೇ, ತುಂಬಾ ಥ್ಯಾಂಕ್ಸ್. ಹಾಗಾದರೆ ಪ್ರಾಗ್ ಮತ್ತು ಲಕ್ಸೆಂಬರ್ಗ್ ಕಥೆ ಏನು?

ರೈಲುಹುಚ್ಚ:
ಲಕ್ಸೆಂಬರ್ಗ್ ಸುಲಭ. ಅಲ್ಲಿ 2020ರ ಫೆಬ್ರವರಿ 29ರಿಂದ ಬಸ್ಸು, ಟ್ರಾಮ್, ರೈಲು ಎಲ್ಲ ಉಚಿತ, ಫಸ್ಟ್ ಕ್ಲಾಸ್ ಒಂದು ಬಿಟ್ಟು. ಟ್ರಿಯರ್‌ನಿಂದ ಲಕ್ಸೆಂಬರ್ಗ್‌ಗೆ ನೇರ ಲೋಕಲ್ ರೈಲು ಇದೆ. ಗಡಿವರೆಗೆ ಡಿ-ಟಿಕೆಟ್, ಗಡಿಯಾಚೆ ವಾಸರ್‌ಬಿಲ್ಲಿಗ್‌ನಿಂದ ಫ್ರೀ. ಎರಡರ ನಡುವೆ ಒಂದು ಸೆಂಟ್ ಕೂಡ ಕೊಡೋದು ಬೇಡ. ಕಷ್ಟ ಇರುವುದು ಟ್ರಿಯರ್ ಮುಟ್ಟುವುದರಲ್ಲಿ. ಮ್ಯೂನಿಕ್‌ನಿಂದ ಬರೀ ಲೋಕಲ್ ಗಾಡಿಗಳಲ್ಲಿ ಹೋದರೆ ಇಡೀ ದಿನ ಹೋಗುತ್ತೆ, ಗಾಡಿ ಬದಲಿಸಿ ಬದಲಿಸಿ ಸಾಕಾಗುತ್ತೆ. ಟ್ರಿಯರ್‌ವರೆಗೆ ಮುಂಚೆಯೇ ಅಗ್ಗದ ಐಸಿಇ (ಜರ್ಮನಿಯ ವೇಗದ ರೈಲು) ಟಿಕೆಟ್ ಹುಡುಕಿ, ಅಲ್ಲಿಂದಾಚೆ ಡಿ-ಟಿಕೆಟ್ ಬಳಸಿ.

ಪ್ರಾಗ್‌ಗೆ ಮ್ಯೂನಿಕ್‌ನಿಂದ ನೇರ ರೈಲು ಇದೆ, ರೇಗೆನ್ಸ್‌ಬುರ್ಗ್, ಶ್ವಾಂಡೋರ್ಫ್ ಮೇಲೆ. ಜರ್ಮನಿಯೊಳಗೆ ಅದು ಲೋಕಲ್ ಗಾಡಿ ಅಂತಲೇ ಲೆಕ್ಕ. ಹಾಗಾಗಿ ಗಡಿ ಸ್ಟೇಷನ್ ಫೂರ್ಟ್ ಇಮ್ ವಾಲ್ಡ್‌ವರೆಗೆ ಡಿ-ಟಿಕೆಟ್ ನಡೆಯುತ್ತದೆ. ಅಲ್ಲಿಂದ ಪ್ರಾಗ್‌ಗೆ ಚೆಕ್ ರೈಲ್ವೆಯ ಆಪ್‌ನಲ್ಲಿ ಟಿಕೆಟ್ ತಗೊಳ್ಳಿ. ಗಾಡಿ ಇಳಿಯೋದು ಬೇಡ, ಸೀಟು ಬಿಟ್ಟು ಏಳೋದೂ ಬೇಡ. ಚೆಕಿಂಗ್‌ಗೆ ಬಂದವರಿಗೆ ಅವರವರ ಟಿಕೆಟ್ ತೋರಿಸಿದರೆ ಆಯಿತು. ಮ್ಯೂನಿಕ್‌ನಿಂದಲೇ ಪೂರ್ತಿ ಟಿಕೆಟ್ ತಗೊಂಡರೆ ನೀವು ಆಗಲೇ ದುಡ್ಡು ಕೊಟ್ಟಿರುವ ದಾರಿಗೆ ಮತ್ತೆ ದುಡ್ಡು ಕೊಟ್ಟ ಹಾಗೆ.

ಆ ಗಾಡಿಯಲ್ಲಿ ಕೂರುವಾಗ ಒಂದು ಗಮನ ಇರಲಿ. ಕೆಲವು ಗಾಡಿಗಳು ಶ್ವಾಂಡೋರ್ಫ್‌ನಲ್ಲಿ ಎರಡಾಗುತ್ತವೆ. ಒಂದು ಭಾಗ ಹೋಫ್ ಕಡೆಗೆ, ಇನ್ನೊಂದು ಪ್ರಾಗ್ ಕಡೆಗೆ. ಬೋಗಿಯ ಬಾಗಿಲ ಪಕ್ಕದ ಬೋರ್ಡಿನಲ್ಲಿ ಪ್ರಾಗ್ ಅಂತ ಇದೆಯಾ ನೋಡಿಯೇ ಹತ್ತಿ. ಅಲ್ಲಿಂದಾಚೆ ಗಡಿವರೆಗೆ ಮೇಲೆ ಕರೆಂಟ್ ತಂತಿ ಕೂಡ ಇಲ್ಲ, ಡೀಸೆಲ್ ಎಂಜಿನ್‌ನ ಸದ್ದಿನಲ್ಲಿ ಕಾಡು ದಾಟುತ್ತೀರಿ. ನನಗೆ ಇಡೀ ದಾರಿಯಲ್ಲಿ ಇಷ್ಟ ಆಗುವುದು ಅದೇ ತುಂಡು.

ಕಾವೇರಿ_ಅಕ್ಕ:
ರೈಲುಹುಚ್ಚ ಹೇಳಿದ್ದೆಲ್ಲ ಸರಿ. ಆದರೆ ವಯಸ್ಸಾದವರನ್ನು ಕರ್ಕೊಂಡು ಹೋಗುವವರಿಗೆ ನಾನು ಬೇರೆ ಮಾತು ಹೇಳ್ತೀನಿ.

ಟಿಕೆಟ್ ತುಂಡು ಮಾಡಿದರೆ ದುಡ್ಡು ಉಳಿಯುತ್ತೆ ನಿಜ, ಹಕ್ಕೂ ತುಂಡಾಗುತ್ತೆ. ಒಂದೇ ಟಿಕೆಟ್‌ನಲ್ಲಿ ಹೊರಟು ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ಗಾಡಿಗೆ ಕಳಿಸುವ ಹೊಣೆ ರೈಲ್ವೆಯದ್ದು. ಬೇರೆ ಬೇರೆ ಟಿಕೆಟ್ ಆದರೆ ಹೊಣೆ ನಿಮ್ಮದೇ. ಉದಾಹರಣೆಗೆ ಸಾಲ್ಜ್‌ಬರ್ಗ್‌ನಿಂದ ವಿಯೆನ್ನಾಗೆ ಆಸ್ಟ್ರಿಯಾದವರ ಅಗ್ಗದ ಷ್ಪಾರ್‌ಷೀನೆ ಟಿಕೆಟ್ ತಗೊಂಡಿದ್ದೀರಿ ಅನ್ನಿ. ಅದು ಒಂದೇ ಗಾಡಿಗೆ ಕಟ್ಟಿದ ಟಿಕೆಟ್. ಮ್ಯೂನಿಕ್ ಲೋಕಲ್ ಮುಕ್ಕಾಲು ಗಂಟೆ ತಡ ಆಯಿತೋ, ಆ ಟಿಕೆಟ್ ಹೋಯಿತು. ಡಿ-ಟಿಕೆಟ್‌ಗೆ ಸಿಗುವ ಪರಿಹಾರ ಎಷ್ಟು ಗೊತ್ತಾ? ಒಂದು ಗಂಟೆ ಮೇಲೆ ತಡವಾದರೆ ಒಂದೂವರೆ ಯೂರೋ. ಅದನ್ನೂ 4 ಯೂರೋ ಆಗುವವರೆಗೆ ಕೊಡಲ್ಲ, ಕೂಡಿಸಿಕೊಂಡು ಹೋಗಬೇಕು. ಲೋಕಲ್ ತಡವಾಯಿತು ಅಂತ ಐಸಿಇ ಹತ್ತಿ ಆಮೇಲೆ ದುಡ್ಡು ವಾಪಸ್ ಕೇಳುವ ಸೌಲಭ್ಯವೂ ಡಿ-ಟಿಕೆಟ್‌ಗೆ ಇಲ್ಲ.

ಒಬ್ಬರೇ ಹೋಗುವಾಗ ಪ್ಲಾಟ್‌ಫಾರಂನಲ್ಲಿ ಎರಡು ಗಂಟೆ ಕಾಯಬಹುದು. ಮಂಡಿನೋವಿನ ಅಮ್ಮನನ್ನು ಕಾಯಿಸಲು ಆಗಲ್ಲ.

ರೈಲುಹುಚ್ಚ:
ಅಕ್ಕ, ಒಪ್ಪಿದೆ. ಆದರೆ ಸಾಲ್ಜ್‌ಬರ್ಗ್, ಪ್ರಾಗ್ ಎರಡಕ್ಕೂ ಈ ಭಯ ಅಷ್ಟು ಇಲ್ಲ ನೋಡಿ. ಸಾಲ್ಜ್‌ಬರ್ಗ್‌ಗೆ ಗಾಡಿ ಬದಲಿಸೋದೇ ಇಲ್ಲ. ಪ್ರಾಗ್‌ಗೂ ಒಂದೇ ಗಾಡಿ. ಗಾಡಿ ತಡವಾದರೆ ನಿಮ್ಮ ಎರಡೂ ಟಿಕೆಟ್‌ಗಳು ಅದೇ ಗಾಡಿಯಲ್ಲೇ ತಡವಾಗುತ್ತವೆ, ಯಾವುದೂ ತಪ್ಪಲ್ಲ. ತುಂಡು ಟಿಕೆಟ್ ತೊಂದರೆ ಕೊಡುವುದು ಗಾಡಿ ಬದಲಾಗುವ ಕಡೆ ಮಾತ್ರ.

ಕಾವೇರಿ_ಅಕ್ಕ:
ಅದು ಸರಿ. ನಾನು ಹೇಳಿದ್ದು ವಿಯೆನ್ನಾ ಥರದ ದಾರಿಗೆ. ಸಾಲ್ಜ್‌ಬರ್ಗ್‌ನಿಂದ ಮುಂದಕ್ಕೆ ಯಾವ ಗಾಡಿಗಾದರೂ ನಡೆಯುವ ಟಿಕೆಟ್ ತಗೊಳ್ಳಿ, ಇಲ್ಲವೇ ಒಂದು ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಹೊರಡಿ. ಇನ್ನೊಂದು, ಒಂದೇ ದಿನಕ್ಕೆ ಸಾಲ್ಜ್‌ಬರ್ಗ್ ನೋಡಿ ಬರುವುದಾದರೆ ಅಪ್ಪ ಅಮ್ಮನಿಗೆ ತಿಂಗಳ ಪಾಸ್ ಬೇಕಾಗಿಯೇ ಇಲ್ಲ. ಬೈಯರ್ನ್ ಟಿಕೆಟ್ (ಬವೇರಿಯಾ ರಾಜ್ಯದ ಲೋಕಲ್ ಗಾಡಿಗಳ ಒಂದು ದಿನದ ಟಿಕೆಟ್) ಸಾಲ್ಜ್‌ಬರ್ಗ್‌ವರೆಗೂ ನಡೆಯುತ್ತೆ, ಐದು ಜನರವರೆಗೆ ಒಟ್ಟಿಗೆ ತಗೋಬಹುದು. ವಾರದ ದಿನ ಬೆಳಿಗ್ಗೆ 9ರ ಮೇಲೆ, ಶನಿವಾರ ಭಾನುವಾರ ಬೆಳಿಗ್ಗೆಯಿಂದಲೇ.

ಡ್ಯಾನ್ಯೂಬ್_ದಾಸ:
ವಿಯೆನ್ನಾದಿಂದ ನಮಸ್ಕಾರ. ನಮ್ಮ ಕಡೆಯಿಂದ ಅದೇ ಕಥೆ ತಿರುಗಿಸಿ ಹೇಳ್ತೀನಿ, ಯಾರಿಗಾದರೂ ಉಪಯೋಗ ಆದೀತು. ಇಲ್ಲಿ ಕ್ಲೀಮಾ ಟಿಕೆಟ್ ಅಂತ ಇದೆ, 2021ರ ಅಕ್ಟೋಬರ್ 26ರಂದು ಶುರುವಾಯಿತು. ವರ್ಷದ ಪಾಸ್. ಜರ್ಮನಿಯದ್ದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಅಂದರೆ ಇದು ರೈಲ್‌ಜೆಟ್‌ಗೂ ನಡೆಯುತ್ತದೆ.

ಹಾಗಾಗಿ ನಾವು ಗಡಿ ದಾಟುವುದು ಸ್ವಲ್ಪ ಆರಾಮ. ಮ್ಯೂನಿಕ್‌ಗೆ ಬರಬೇಕಾದರೆ ರೈಲ್‌ಜೆಟ್‌ನಲ್ಲಿ ಕೂತು ಸಾಲ್ಜ್‌ಬರ್ಗ್‌ನಿಂದ ಮ್ಯೂನಿಕ್‌ಗೆ ಮಾತ್ರ ಟಿಕೆಟ್ ತಗೊಳ್ಳೋದು. ಬುಡಾಪೆಸ್ಟ್‌ಗೆ ಹೋಗಬೇಕಾದರೆ ಗಡಿ ಸ್ಟೇಷನ್ ಹೆಗ್ಯೇಶ್‌ಹಾಲೊಮ್‌ನಿಂದ ಮುಂದಕ್ಕೆ.

ಸಾಲ್ಜ್‌ಬರ್ಗ್‌ನಿಂದ ಇನ್ಸ್‌ಬ್ರುಕ್‌ಗೆ ಹೋಗುವ ಗಾಡಿ ನೋಡಿದರೆ ಇನ್ನೂ ತಮಾಷೆ. ಆಸ್ಟ್ರಿಯಾದ ಊರಿನಿಂದ ಆಸ್ಟ್ರಿಯಾದ ಊರಿಗೇ ಹೋಗುತ್ತೆ, ಆದರೆ ನಡುವೆ ಜರ್ಮನಿಯ ರೋಸೆನ್‌ಹೈಮ್ ಹತ್ತಿರ ಹಾದು ಹೋಗುತ್ತೆ. ಅಷ್ಟು ದೂರ ಜರ್ಮನ್ ಹಳಿ ಮೇಲೆ ಓಡಿದರೂ ಕ್ಲೀಮಾ ಟಿಕೆಟ್ ನಡೆಯುತ್ತೆ. ಒಳದಾರಿಯಲ್ಲಿ ಬೆಟ್ಟ ಸುತ್ತಿ ಹೋಗುವುದಕ್ಕಿಂತ ಅದು ಬೇಗ, ಅದಕ್ಕೇ ಹಾಗೆ ಓಡಿಸುತ್ತಾರೆ.

ಹೊಸಬ_ಆಖೆನ್:
ನಾನು ಓದಲು ಬಂದವನು, ಸೆಮಿಸ್ಟರ್ ಟಿಕೆಟ್ ಬದಲು ಡಿ-ಟಿಕೆಟ್ ಕೊಟ್ಟಿದ್ದಾರೆ. ಆಮ್‌ಸ್ಟರ್‌ಡ್ಯಾಮ್‌ಗೆ ಹೇಗೆ ಹೋಗೋದು? ಸೀನಿಯರ್‌ಗಳು ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ರೈಲುಹುಚ್ಚ:
ಫೆನ್ಲೋ ಮೇಲೆ ಹೋಗು ಮಾರಾಯ. ಡ್ಯೂಸೆಲ್‌ಡೋರ್ಫ್, ಮೊಂಶೆನ್‌ಗ್ಲಾಡ್‌ಬಾಖ್ ಕಡೆಯಿಂದ ಬರುವ ಆರ್‌ಇ13 ಲೋಕಲ್ ಗಾಡಿ ಫೆನ್ಲೋದಲ್ಲೇ ಕೊನೆ. ಅಲ್ಲಿವರೆಗೆ ಡಿ-ಟಿಕೆಟ್. ಅಲ್ಲಿ ಇಳಿದು ಡಚ್ಚರ ಗೇಟಿನಲ್ಲೋ ಕಂಬದಲ್ಲೋ ಬ್ಯಾಂಕ್ ಕಾರ್ಡ್ ತಟ್ಟಿ ಒಳಗೆ ಹೋಗು. 2023ರಿಂದ ನೆದರ್ಲೆಂಡ್ಸಿನ ಎಲ್ಲ ರೈಲಿಗೂ ಹೀಗೆ ಕಾರ್ಡ್ ತಟ್ಟಿ ಹೋಗಬಹುದು. ಐಂಡ್‌ಹೋವನ್‌ಗೆ ಇಂಟರ್‌ಸಿಟಿ ಇದೆ, ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್. ಇಳಿದ ಕಡೆ ಮತ್ತೆ ಅದೇ ಕಾರ್ಡ್ ತಟ್ಟಬೇಕು, ಮರೆತರೆ ಜಾಸ್ತಿ ದುಡ್ಡು ಕತ್ತರಿಸುತ್ತಾರೆ. ಒಳಗೆ ಹೋಗುವಾಗ ಫೋನ್ ತಟ್ಟಿ, ಹೊರಗೆ ಬರುವಾಗ ಪ್ಲಾಸ್ಟಿಕ್ ಕಾರ್ಡ್ ತಟ್ಟಿದರೆ ಅವರಿಗೆ ಅದು ಎರಡು ಬೇರೆ ಕಾರ್ಡ್.

ಹೊಸಬ_ಆಖೆನ್:
ಸೂಪರ್ ಅಣ್ಣಾ. ಹಲವು ದೇಶಗಳ ರೈಲಿಗೆ ನಡೆಯುವ ಇಂಟರ್‌ರೈಲ್ ಪಾಸ್ ತಗೊಂಡ್ರೆ ಇದೆಲ್ಲ ತಲೆನೋವೇ ಇರಲ್ಲ ಅಂತಾರಲ್ಲ?

ಬಾಸೆಲ್_ಬಸವ:
ಇದಕ್ಕೆ ನಾನು ಹೇಳ್ತೀನಿ, ಯಾಕಂದರೆ ನಮ್ಮವರು ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಇಂಟರ್‌ರೈಲ್ ಯುರೋಪಿನಲ್ಲಿ ವಾಸ ಇರುವವರಿಗೆ. ಯೂರೇಲ್ ಹೊರಗಿನಿಂದ ಬರುವವರಿಗೆ. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದು ಮುಖ್ಯ ಅಲ್ಲ, ಎಲ್ಲಿ ವಾಸ ಅನ್ನುವುದು ಮುಖ್ಯ. ನೀನು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಆಖೆನ್‌ನಲ್ಲಿ ಇದ್ದೀಯ, ಹಾಗಾಗಿ ಇಂಟರ್‌ರೈಲ್. ನಿಮ್ಮ ಅಪ್ಪ ಅಮ್ಮ ಬಂದರೆ ಯೂರೇಲ್. ಒಂದೇ ಗಾಡಿಯಲ್ಲಿ ಒಟ್ಟಿಗೆ ಹೋಗಬಹುದು, ಪಾಸ್ ಹೆಸರು ಮಾತ್ರ ಬೇರೆ. ಅವರಿಗೆ 60 ದಾಟಿದ್ದರೆ ಶೇಕಡ 10 ಕಮ್ಮಿ. ನಿನಗೆ 27ರವರೆಗೆ ಶೇಕಡ 25 ಕಮ್ಮಿ.

ಎರಡರಲ್ಲೂ ಒಂದೇ ದೇಶದ ಪಾಸ್ ಅಂತಲೂ ಇದೆ. ನೀನಿರುವ ದೇಶದ್ದನ್ನು ನಿನಗೆ ಕೊಡಲ್ಲ. ಅಂದರೆ ಜರ್ಮನಿಯಲ್ಲಿದ್ದುಕೊಂಡು ಜರ್ಮನಿಯ ಇಂಟರ್‌ರೈಲ್ ಪಾಸ್ ಸಿಗಲ್ಲ. ಎಲ್ಲ ದೇಶಗಳ ಗ್ಲೋಬಲ್ ಪಾಸ್ ತಗೊಂಡರೂ ನೀನಿರುವ ದೇಶದೊಳಗೆ ಹೊರಕ್ಕೆ ಒಂದು ಪ್ರಯಾಣ, ಒಳಕ್ಕೆ ಒಂದು ಪ್ರಯಾಣ, ಅಷ್ಟೇ. ಹೀಗಾಗಿ ಡಿ-ಟಿಕೆಟ್ ಇರುವವನಿಗೆ ನನ್ನ ಸಲಹೆ ಬೇರೆ. ಆಸ್ಟ್ರಿಯಾ ಮಾತ್ರ ಸುತ್ತಬೇಕಾದರೆ ಆಸ್ಟ್ರಿಯಾದ ಒಂದೇ ದೇಶದ ಇಂಟರ್‌ರೈಲ್ ತಗೋ, ಸಾಲ್ಜ್‌ಬರ್ಗ್‌ವರೆಗೆ ಡಿ-ಟಿಕೆಟ್‌ನಲ್ಲಿ ಹೋಗು. ಎರಡು ಪಾಸ್‌ಗಳು ಅಲ್ಲಿ ಸೇರುತ್ತವೆ.

ಪಾಸ್ ಇದ್ದರೆ ತಲೆನೋವು ಇಲ್ಲ ಅನ್ನುವುದೂ ಪೂರ್ತಿ ನಿಜ ಅಲ್ಲ. ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾ, ಯೂರೋಸ್ಟಾರ್, ಇವಕ್ಕೆಲ್ಲ ಪಾಸ್ ಮೇಲೆ ಸೀಟು ರಿಸರ್ವೇಶನ್ ಕಡ್ಡಾಯ, ಅದಕ್ಕೆ ಬೇರೆ ದುಡ್ಡು. ಇಂಥ ಗಾಡಿಗಳಿಗೆ ಗಡಿಯಿಂದ ಮುಂದಕ್ಕೆ ಮಾತ್ರ ಟಿಕೆಟ್ ಅನ್ನುವ ಉಪಾಯವೂ ನಡೆಯಲ್ಲ.

ಶಿವಮೊಗ್ಗ_ಪ್ಯಾಸೆಂಜರ್:
ಬಸವಣ್ಣ, ಸ್ವಿಟ್ಜರ್‌ಲೆಂಡ್ ಪಾಸ್ ಗಡಿ ದಾಟುತ್ತಾ? ನಮ್ಮ ಅತ್ತೆ ಮಾವ ಟೂರ್ ಕೇಳ್ತಿದ್ದಾರೆ.

ಬಾಸೆಲ್_ಬಸವ:
ದಾಟುತ್ತೆ, ಅದೂ ಚೆಂದದ ಕಡೆಯಲ್ಲೇ. ಸ್ವಿಸ್ ಟ್ರಾವೆಲ್ ಪಾಸ್ ಇಲ್ಲಿ ವಾಸ ಇಲ್ಲದವರಿಗೆ ಮಾತ್ರ. 3, 4, 6, 8 ಮತ್ತು 15 ದಿನದ್ದು ಸಿಗುತ್ತೆ. ಬರ್ನಿನಾ ಲೈನಿನಲ್ಲಿ ಇಟಲಿಯೊಳಗಿನ ತಿರಾನೊವರೆಗೆ ನಡೆಯುತ್ತೆ. 2253 ಮೀಟರ್ ಎತ್ತರದ ಒಸ್ಪಿಜಿಯೊ ಬರ್ನಿನಾದಿಂದ 429 ಮೀಟರಿನ ತಿರಾನೊಗೆ ಇಳಿಯುವ ದಾರಿ. ಮೇಲೆ ಹಿಮ ಇರುತ್ತೆ, ಕೆಳಗೆ ಬಂದಾಗ ಜನ ಬೀದಿಯಲ್ಲಿ ಐಸ್‌ಕ್ರೀಂ ತಿನ್ನುತ್ತಿರುತ್ತಾರೆ. ಬರ್ನಿನಾ ಎಕ್ಸ್‌ಪ್ರೆಸ್ಸೇ ಬೇಕು ಅಂತಿಲ್ಲ. ಅದಕ್ಕೆ ಸೀಟಿಗೆ ಬೇರೆ ದುಡ್ಡು ಕೊಡಬೇಕು. ಅದೇ ಹಳಿ ಮೇಲೆ ಸಾದಾ ಗಾಡಿ ಓಡುತ್ತೆ, ಅದರಲ್ಲಿ ಕಿಟಕಿ ತೆಗೆದು ಫೋಟೋ ತೆಗೆಯಲೂ ಬರುತ್ತೆ. ನನಗಂತೂ ಸಾದಾ ಗಾಡಿಯೇ ಇಷ್ಟ.

ತಿರಾನೊದಿಂದ ಮಿಲಾನ್‌ಗೆ ಇಟಲಿಯ ಲೋಕಲ್ ಟಿಕೆಟ್ ಬೇರೆ. ಎರಡು ಸ್ಟೇಷನ್‌ಗಳೂ ಅಕ್ಕಪಕ್ಕ. ಲೊಕಾರ್ನೊದಿಂದ ಚೆಂಟೊವಾಲ್ಲಿ ಕಣಿವೆಯ ಮೇಲೆ ದೊಮೊದೊಸ್ಸೊಲಾವರೆಗೂ ಪಾಸ್ ನಡೆಯುತ್ತೆ. ಲಿಚ್‌ಟೆನ್‌ಸ್ಟೈನ್ ಬಸ್ಸಿಗೂ ನಡೆಯುತ್ತೆ. ಜ್ಯೂರಿಕ್‌ನಿಂದ ಮಿಲಾನ್‌ಗೆ ನೇರ ಯೂರೋಸಿಟಿ ಹತ್ತಿದರೆ ಮಾತ್ರ ಎಚ್ಚರ. ಪಾಸ್ ಇರುವುದು ಚಿಯಾಸ್ಸೊವರೆಗೆ, ಗಡಿ ದಾಟಲು ರಿಸರ್ವೇಶನ್ ಕಡ್ಡಾಯ. ಅದು ಬೇಡ ಅಂದರೆ ಚಿಯಾಸ್ಸೊದಲ್ಲಿ ಇಳಿದು ಮಿಲಾನ್‌ಗೆ ಹೋಗುವ ಲೋಕಲ್ ಹಿಡಿಯಿರಿ, ಅಲ್ಲಿಂದಾಚೆಗಷ್ಟೇ ಟಿಕೆಟ್.

ಕಾವೇರಿ_ಅಕ್ಕ:
ಪಾಸ್‌ಪೋರ್ಟ್ ವಿಷಯ ಯಾರೂ ಹೇಳಲಿಲ್ಲ. ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗೆ ಗಡಿ ಇಲ್ಲ ಅಂದುಕೊಂಡು ಪಾಸ್‌ಪೋರ್ಟ್ ಮನೆಯಲ್ಲಿಟ್ಟು ಹೋಗುವವರು ಬಹಳ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ನೆಲದ ಗಡಿಗಳಲ್ಲಿ ತಪಾಸಣೆ ಶುರು ಮಾಡಿತು. ಸಾಲ್ಜ್‌ಬರ್ಗ್ ದಾರಿಯಲ್ಲಂತೂ ಅದಕ್ಕೂ ಮುಂಚಿನಿಂದ ಇದೆ. ವಾಪಸ್ ಬರುವಾಗ ಫ್ರೈಲಾಸಿಂಗ್‌ನಲ್ಲಿ ಗಾಡಿ ನಿಲ್ಲುತ್ತೆ, ಪೊಲೀಸರು ಹತ್ತಿ ಸಾಲಾಗಿ ನೋಡಿಕೊಂಡು ಬರ್ತಾರೆ. ಅಪ್ಪ ಅಮ್ಮನ ಪಾಸ್‌ಪೋರ್ಟ್ ವೀಸಾ ಸಮೇತ ಕೈಗೆ ಸಿಗುವ ಹಾಗೆ ಇರಲಿ. ನಿಮ್ಮದು ಪಾಸ್‌ಪೋರ್ಟ್ ಜೊತೆಗೆ ಜರ್ಮನಿಯ ರೆಸಿಡೆನ್ಸ್ ಕಾರ್ಡ್. ಫೋನಿನಲ್ಲಿರುವ ಫೋಟೋ ನಡೆಯಲ್ಲ.

ಡಿ-ಟಿಕೆಟ್ ಚೆಕ್ ಮಾಡುವವರೂ ಗುರುತಿನ ಚೀಟಿ ಕೇಳ್ತಾರೆ. ಅದು ಅವರವರ ಹೆಸರಿನ ಟಿಕೆಟ್. ನಿಮ್ಮದನ್ನು ಅಮ್ಮನಿಗೆ ಕೊಟ್ಟು ಕಳಿಸೋಕೆ ಆಗಲ್ಲ.

ಮೈಸೂರು_ಮ್ಯೂನಿಕ್:
ಅಕ್ಕ, ಅವರ ವೀಸಾ ಸಿಂಗಲ್ ಎಂಟ್ರಿ. ಆಸ್ಟ್ರಿಯಾಗೆ ಹೋಗಿ ವಾಪಸ್ ಬಂದರೆ ಎರಡನೇ ಎಂಟ್ರಿ ಆಗಿಬಿಡುತ್ತಾ? ಅಪ್ಪ ಇದನ್ನೇ ದಿನಾ ಫೋನಿನಲ್ಲಿ ಕೇಳ್ತಿದ್ದಾರೆ.

ಕಾವೇರಿ_ಅಕ್ಕ:
ಆಗಲ್ಲ ಪುಟ್ಟಿ. ಎಂಟ್ರಿ ಲೆಕ್ಕ ಷೆಂಗೆನ್ ಒಳಗೆ ಬರುವಾಗ, ಹೊರಗೆ ಹೋಗುವಾಗ ಮಾತ್ರ. ಆಸ್ಟ್ರಿಯಾ, ಚೆಕ್, ಲಕ್ಸೆಂಬರ್ಗ್ ಎಲ್ಲ ಒಳಗೇ. ಸ್ವಿಟ್ಜರ್‌ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗೆನ್‌ನಲ್ಲಿದೆ. ಲಂಡನ್‌ಗೆ ಯೂರೋಸ್ಟಾರ್ ಹತ್ತಿದರೆ ಮಾತ್ರ ಹೊರಗೆ ಹೋದ ಹಾಗೆ. ಅದಕ್ಕೆ ಬ್ರಿಟನ್ ವೀಸಾ ಬೇರೆ ಬೇಕು, ಸಿಂಗಲ್ ಎಂಟ್ರಿಯಲ್ಲಿ ವಾಪಸ್ ಬರೋಕೂ ಆಗಲ್ಲ. ಅಪ್ಪನಿಗೆ ಧೈರ್ಯ ಹೇಳು.

ಮೈಸೂರು_ಮ್ಯೂನಿಕ್:
ಉಸ್ಸಪ್ಪಾ! ಸರಿ, ಲೆಕ್ಕ ಹಾಕಿದೆ. ಸಾಲ್ಜ್‌ಬರ್ಗ್ ಒಂದು ದಿನ, ಪ್ರಾಗ್ ಮೂರು ದಿನ, ಲಕ್ಸೆಂಬರ್ಗ್‌ಗೆ ಟ್ರಿಯರ್‌ವರೆಗೆ ಐಸಿಇ ಟಿಕೆಟ್. ಮಿಕ್ಕ ದಿನ ಮ್ಯೂನಿಕ್ ಒಳಗೇ ಮೆಟ್ರೊ, ಬಸ್ಸು. ಇಬ್ಬರಿಗೂ ಡಿ-ಟಿಕೆಟ್ ಮಾಡಿಸೋದು ಅಂತ ತೀರ್ಮಾನ. ಈಗ ಬೆಲೆ ಎಷ್ಟು? ನಾನು ಕಂಪನಿ ಕಡೆಯಿಂದ ತಗೊಂಡಿದ್ದರಿಂದ ಗೊತ್ತೇ ಇಲ್ಲ.

ರೈಲುಹುಚ್ಚ:
2026ರ ಜನವರಿಯಿಂದ ತಿಂಗಳಿಗೆ 63 ಯೂರೋ. 2023ರ ಮೇನಲ್ಲಿ ಶುರುವಾದಾಗ 49 ಇತ್ತು, 2025ರಲ್ಲಿ 58 ಆಯಿತು. ಅದಕ್ಕೂ ಮುಂಚೆ 2022ರ ಬೇಸಿಗೆಯಲ್ಲಿ ಮೂರು ತಿಂಗಳು 9 ಯೂರೋ ಟಿಕೆಟ್ ಇತ್ತು. ಆಗ ಗಾಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ, ಆ ಸಂಭ್ರಮ ಬೇರೆಯೇ ಬಿಡಿ.

ಲೆಕ್ಕದಲ್ಲಿ ಒಂದು ಗಮನಿಸಿ. ಇದು ಹತ್ತಿದ ದಿನದಿಂದ 30 ದಿನದ ಪಾಸ್ ಅಲ್ಲ, ಕ್ಯಾಲೆಂಡರ್ ತಿಂಗಳ ಪಾಸ್. ಅಪ್ಪ ಅಮ್ಮ ಮೇ ಮೊದಲ ವಾರ ಬಂದು ಜೂನ್ ಮಧ್ಯದಲ್ಲಿ ಹೋದರೆ ಎರಡು ತಿಂಗಳದ್ದು ಕೊಡಬೇಕು, ಇಬ್ಬರಿಗೂ ಸೇರಿ 252 ಯೂರೋ. ತಾನಾಗಿಯೇ ಮುಂದುವರಿಯುವ ಟಿಕೆಟ್ ಬೇರೆ. ಅವರು ಊರಿಗೆ ಹೋದ ಮೇಲೂ ದುಡ್ಡು ಕತ್ತರಿಸುತ್ತಲೇ ಇರುತ್ತೆ.

ಮೈಸೂರು_ಮ್ಯೂನಿಕ್:
ಅಯ್ಯೋ, ಜೂನ್ ಹದಿನೈದು ದಿನಕ್ಕೆ 126 ಕೊಡೋದಾ?

ಕಾವೇರಿ_ಅಕ್ಕ:
ಬೇಡ. ದೂರದ ಪ್ರಯಾಣ ಎಲ್ಲ ಮೇ ಒಳಗೆ ಮುಗಿಸು. ಜೂನ್‌ನಲ್ಲಿ ಊರೊಳಗೆ ಓಡಾಡೋಕೆ ಮ್ಯೂನಿಕ್‌ನ ದಿನದ ಟಿಕೆಟ್ ಗ್ರೂಪಿಗೆ ತಗೋ. ಎಲ್ಲಾದರೂ ಹೊರಗೆ ಹೋಗಬೇಕು ಅನ್ನಿಸಿದರೆ ಬೈಯರ್ನ್ ಟಿಕೆಟ್.

ರೈಲುಹುಚ್ಚ:
ಹಾಗಾದರೆ ಮೇ 10ರೊಳಗೆ ರದ್ದು ಮಾಡಬೇಕು, ಆಗ ಮೇ 31ಕ್ಕೆ ನಿಲ್ಲುತ್ತೆ. 11ನೇ ತಾರೀಕು ಮಾಡಿದರೆ ಜೂನ್ ದುಡ್ಡು ಹೋಯಿತು. ಅವರು ಬಂದಿಳಿದ ವಾರವೇ ಮಾಡಿಬಿಡಿ. ರದ್ದು ಮಾಡಿದರೂ ತಿಂಗಳ ಕೊನೆವರೆಗೆ ಟಿಕೆಟ್ ನಡೆಯುತ್ತೆ, ಫೋನಿನಿಂದ ಮಾಯ ಆಗಲ್ಲ.